ಮೂರು ವರ್ಷದ ಸರದಿ ಒಬ್ಬನಿಗೆ ಬೇಡ

ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲಿನಲ್ಲಿ ಐಪಿಎಲ್ ತರ ಹರಾಜಿಲ್ಲ, ಡ್ರಾಫ್ಟ್ ಇದೆ. ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುತ್ತವೆ. ಹಿಂದಿನ ವರ್ಷ ಕೊನೆಗಿದ್ದವರಿಗೆ ಮೊದಲ ಸರದಿ. ತನ್ನ ಸರದಿಗಳನ್ನು ಕೊಟ್ಟು ಮೇಲೇರಲೂಬಹುದು. ನನ್ನ ಮಟ್ಟಿಗೆ ಅದು ಹೆಚ್ಚಾಗಿ ನಷ್ಟದ ವ್ಯಾಪಾರ.

2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ 12ರಿಂದ 3ಕ್ಕೇರಲು ಮೂರು ವರ್ಷಗಳ ಮೊದಲ ಸುತ್ತಿನ ಸರದಿ ಕೊಟ್ಟು ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್‌ನನ್ನು ತಂದಿತು. ಕಣಕಾಲಿಗೆ ಪೆಟ್ಟಾಯಿತು, ಅಲ್ಲಿ ಅವನು ಆರಂಭದಿಂದ ಆಡಿದ್ದು ನಾಲ್ಕೇ ಪಂದ್ಯ. ಅದೇ ತಂಡವನ್ನು ಸೂಪರ್ ಬೌಲ್‌ಗೆ ಒಯ್ದವನು 2022ರ ಕಟ್ಟಕಡೆಯ, 262ನೇ ಆಯ್ಕೆ ಬ್ರಾಕ್ ಪರ್ಡಿ.

ಕಾನ್ಸಾಸ್ ಸಿಟಿ 2017ರಲ್ಲಿ 27ರಿಂದ 10ಕ್ಕೇರಿ ಮಹೋಮ್ಸ್‌ನನ್ನು ಪಡೆಯಿತಲ್ಲ ಎನ್ನುತ್ತೀರಿ. ನಿಜ, ಆದರೆ ಬರುವ ವರ್ಷಗಳಿಂದ ಕೊಟ್ಟದ್ದು ಒಂದೇ ಸರದಿ. ಅಂಗಡಿಯಲ್ಲೂ ಅಷ್ಟೇ: ಮುಂದಿನ ದುಡ್ಡನ್ನೆಲ್ಲ ಒಂದೇ ಮಾಲಿಗೆ ಸುರಿದರೆ, ಮಾಲು ಹೋಗದಿದ್ದಾಗ ಬಾಕಿ ತೀರಿಸುವುದು ಯಾವುದರಿಂದ?