ಮಚ್ಚು ಬೀಸಿದ ಮರುದಿನದ ಕಥೆ ಎಲ್ಲಿ ಸ್ವಾಮಿ?

ಲಾಂಗು, ಮಚ್ಚು, ಮಳೆ, ಸ್ಲೋ ಮೋಷನ್, ಕೊನೆಗೊಂದು ಅಮ್ಮನ ಹಾಡು. ಕನ್ನಡದ ರೌಡಿ ಸಿನಿಮಾ ಇಷ್ಟಕ್ಕೇ ಬಂದು ನಿಂತಿದೆ. ‘ಕೆಜಿಎಫ್’ ಗೆದ್ದ ಮೇಲೆ ಇದಕ್ಕೆ ಮಸಿ ಬಣ್ಣ, ದೂಳು, ಹೀರೋ ಬರುವ ಮೊದಲೇ ಅವನನ್ನು ಹೊಗಳುವ ನಾಲ್ಕು ಮಂದಿ ಸೇರಿಕೊಂಡರು. ಊರಲ್ಲಿ ಶಾರ್ಟ್ ಫಿಲ್ಮ್ ಮಾಡುವ ನಮ್ಮ ಹುಡುಗರೂ ಈಗ ಅದನ್ನೇ ಬರೆಯುತ್ತಿದ್ದಾರೆ. ಮೊಬೈಲಿನಲ್ಲಿ ತೆಗೆದ ಹತ್ತು ನಿಮಿಷದ ಚಿತ್ರದಲ್ಲಿ ಎಂಟು ನಿಮಿಷ ಬಿಲ್ಡಪ್!

ರೌಡಿ ಸಿನಿಮಾವೇ ಬೇಡ ಎನ್ನುವವರು ನಾವಲ್ಲ. ನಾವೂ ಶಿಳ್ಳೆ ಹೊಡೆದವರೇ. ನಮ್ಮ ತಕರಾರು ಚಿತ್ರಕಥೆಯ ಬಗ್ಗೆ.

ಹಿಂದೆ ಈ ಬಗೆಯ ಸಿನಿಮಾ ಹೊಸದಾಗಿ ಕಂಡಿದ್ದು ಯಾವಾಗ, ನೆನಪಿಸಿಕೊಳ್ಳಿ. 1995ರಲ್ಲಿ ಉಪೇಂದ್ರ ‘ಓಂ’ ಮಾಡಿದಾಗ ಮಚ್ಚು ಹಿಡಿದವನು ಪುರೋಹಿತರ ಮಗ. ಅವನು ಹಾಗೇಕಾದ ಎಂಬುದೇ ಕಥೆ. 2005ರ ‘ಜೋಗಿ’ಯಲ್ಲಿ ಪ್ರೇಮ್ ನಮ್ಮನ್ನು ಮಗನನ್ನು ಹುಡುಕಿ ಬೆಂಗಳೂರಿಗೆ ಬಂದ ಹಳ್ಳಿ ತಾಯಿಯ ಹಿಂದೆ ನಡೆಸಿದರು. 2007ರ ‘ದುನಿಯಾ’ಕ್ಕೆ ಸೂರಿ ಕಲ್ಲು ಕ್ವಾರಿಯ ಕೂಲಿಯವನನ್ನು ಕರೆತಂದರು. 2014ರ ‘ಉಳಿದವರು ಕಂಡಂತೆ’ಯಲ್ಲಿ ರಕ್ಷಿತ್ ಶೆಟ್ಟಿ ಮಲ್ಪೆಯ ಒಂದೇ ಕಥೆಯನ್ನು ಹಲವರ ಬಾಯಲ್ಲಿ ಹೇಳಿಸಿದರು.

ಹೊಡೆದಾಟ ಅಲ್ಲೆಲ್ಲ ಹಳೆಯದೇ. ಯಾರ ಕಣ್ಣಿಂದ ನೋಡುತ್ತೇವೆ ಎಂಬುದು ಹೊಸದಾಗಿತ್ತು. ನಕಲು ಮಾಡಿದವರು ಜೋಗಿಯ ಉದ್ದ ಕೂದಲು, ಲಾಂಗು ಎರಡನ್ನೂ ಎತ್ತಿಕೊಂಡು ಬಂದರು. ಬೀದಿ ಬೀದಿ ಅಲೆದ ತಾಯಿಯನ್ನು ಅಲ್ಲೇ ಬಿಟ್ಟರು.

ನಾವು ದಿನಾ ಸುತ್ತುವುದು ಠಾಣೆ, ತಾಲೂಕು ಕಚೇರಿ, ಕೋರ್ಟು. ಅಲ್ಲಿ ಕಂಡ ಎಷ್ಟೋ ಹೊಡೆದಾಟಗಳ ಬೇರು ಪಹಣಿಯಲ್ಲಿದೆ. ತಾತ ಸತ್ತು ಇಪ್ಪತ್ತು ವರ್ಷವಾದರೂ ಪೌತಿ ಖಾತೆ ಆಗಿರುವುದಿಲ್ಲ. ಒಂದೇ ಸರ್ವೆ ನಂಬರಿನಲ್ಲಿ ಎಂಟು ಜನರ ಹೆಸರು, ಪೋಡಿ ಇಲ್ಲ, ಭಾಗವೆಲ್ಲ ಬಾಯಿಮಾತಿನದು. ಅಣ್ಣ ಬೋರ್ ಕೊರೆಸುತ್ತಾನೆ, ತಮ್ಮನ ಬೋರ್ ಬತ್ತುತ್ತದೆ. ಒಂದು ರಾತ್ರಿ ಗಡಿಕಲ್ಲು ಎರಡು ಅಡಿ ಸರಿಯುತ್ತದೆ. ಬೆಳಿಗ್ಗೆ ಎಳನೀರು ಕೊಚ್ಚುವ ಮಚ್ಚೇ ಕೈಗೆ ಬರುತ್ತದೆ.

ಪತ್ರಿಕೆಯಲ್ಲಿ ಇದಕ್ಕೆ ಸಿಗುವುದು ನಾಲ್ಕು ಸಾಲು: ಜಮೀನು ವಿವಾದ, ಒಬ್ಬರಿಗೆ ಗಾಯ, ಪ್ರಕರಣ ದಾಖಲು. ಸಿನಿಮಾದವರ ಕೈಯಲ್ಲಿ ಎರಡೂವರೆ ಗಂಟೆ ಇದೆ. ಅವರೂ ಮಚ್ಚು ಬೀಸಿದ ಕೂಡಲೇ ಕಥೆ ಮುಗಿಸಿದರೆ ಹೇಗೆ?

ಮರುದಿನ ಏನಾಗುತ್ತದೆ ನೋಡಿ. ಜಾಮೀನಿಗೆ ಪಹಣಿ ತಂದು ಸಹಿ ಹಾಕುವವರು ಬೇಕು. ಜಗಳ ನಡೆದ ಜಮೀನಿಗೆ ಖಾತೆಯೇ ಇಲ್ಲ! ಹೆಂಡತಿ ತವರಿಗೆ ಹೋಗಿ ಅಣ್ಣನ ಕಾಲು ಹಿಡಿಯಬೇಕು. ಡೇರಿಯ ಹಾಲಿನ ದುಡ್ಡು ವಕೀಲರಿಗೆ ಹೋಗುತ್ತದೆ. ಊರಿಗಿರುವುದು ಒಂದೇ ಬಸ್ಸು, ಹೊಡೆದವನೂ ಹೊಡೆತ ತಿಂದವನೂ ಅದರಲ್ಲೇ ವಾಯಿದೆಗೆ ಹೋಗಬೇಕು. ಸಾಕ್ಷಿ ಹೇಳಬೇಕಾದವಳು ಇಬ್ಬರನ್ನೂ ಎತ್ತಿ ಆಡಿಸಿದ ಸೋದರತ್ತೆ. ಇದಕ್ಕಿಂತ ದೊಡ್ಡ ಕ್ಲೈಮ್ಯಾಕ್ಸ್ ಯಾವ ಗೋಡೌನ್ ಫೈಟಿನಲ್ಲಿದೆ?

‘ಜನ ನೋಡಲ್ಲ ಸಾರ್, ಫೈಟ್ ಬೇಕು’ ಎನ್ನುತ್ತಾರೆ. ಫೈಟ್ ಇರಲಿ, ಯಾರು ಬೇಡ ಅಂದರು? 2022ರ ‘ಕಾಂತಾರ’ದ ಬೇರು ಜಮೀನಿನ ವಿವಾದವೇ. ಅರಸ ಬಿಟ್ಟುಕೊಟ್ಟ ನೆಲ, ಧಣಿಯ ದುರಾಸೆ, ಅರಣ್ಯ ಇಲಾಖೆಯ ಗಡಿ. ಫೈಟೂ ಇತ್ತು, ದೇಶವೇ ನೋಡಿತು. ಫೈಟೇ ಇಲ್ಲದ ‘ತಿಥಿ’ಯಲ್ಲಿ ಜಮೀನು ಮಾರುವುದಕ್ಕಾಗಿ ಬದುಕಿರುವ ಅಪ್ಪನನ್ನೇ ಕಾಗದದಲ್ಲಿ ಸಾಯಿಸಲು ಮಗ ಹೊರಡುತ್ತಾನೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಊರಿನವರನ್ನೇ ಹಾಕಿಕೊಂಡು ಮಾಡಿದ ಚಿತ್ರ ಅದು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ರಾಮ್ ರೆಡ್ಡಿ ಜೊತೆ ಅದನ್ನು ಬರೆದ ಈರೇಗೌಡ ಆ ಊರಿನವರೇ.

ಇದು ಬರೀ ರುಚಿಯ ಮಾತೂ ಅಲ್ಲ. ಹದಿನೆಂಟರ ಹುಡುಗ ಬರ್ತ್‌ಡೇ ಕೇಕನ್ನು ಲಾಂಗಿನಲ್ಲಿ ಕತ್ತರಿಸಿ ಸ್ಟೇಟಸ್ ಹಾಕುತ್ತಾನೆ. ಮರುದಿನ ಅವನಪ್ಪ ಠಾಣೆಯಲ್ಲಿ ಕೈಕಟ್ಟಿ ನಿಂತಿರುತ್ತಾನೆ. ರೌಡಿ ಶೀಟ್ ತೆರೆದರೆ ಮುಗಿಯಿತು, ಗಣೇಶನ ಹಬ್ಬಕ್ಕೂ ಎಲೆಕ್ಷನ್ನಿಗೂ ಠಾಣೆಯಿಂದ ಕರೆ ಬರುತ್ತದೆ. ಹುಡುಗ ನೋಡಿದ ಸಿನಿಮಾದಲ್ಲಿ ಲಾಂಗ್ ಇತ್ತು, ಆ ಅಪ್ಪ ಇರಲಿಲ್ಲ.

ಚಿತ್ರಕಥೆ ಬರೆಯಲು ಕೂತಿರುವ ತಮ್ಮಂದಿರೇ, ತಂಗಿಯರೇ, ಬೇಕಿದ್ದರೆ ಮೊದಲ ದೃಶ್ಯದಲ್ಲೇ ಮಚ್ಚು ಬೀಸಿಬಿಡಿ. ಉಳಿದ ಎರಡು ಗಂಟೆ ವಾಯಿದೆಗೆ ಹೋಗುವ ಆ ಬಸ್ಸಿನಲ್ಲಿ ಕೂತು ಬರೆಯಿರಿ. ಆ ಬಸ್ಸು ನಿಮ್ಮೂರಿಗೂ ಬರುತ್ತದೆ.