ಕೂಡಿ ಕಲಿತ ವಿದ್ಯೆ

ಯಾರ ನೆರವನ್ನೂ ಬಯಸದೆ ಒಬ್ಬನೇ ಕುಳಿತು ಓದುವವನೇ ನಿಜವಾದ ವಿದ್ಯಾರ್ಥಿ ಎಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಗೆಳೆಯರು ಕಲೆತು ಲೆಕ್ಕ ಮಾಡಿದರೆ ಅದು ನಕಲಿಗೆ ದಾರಿಯೆಂಬ ಶಂಕೆಯೂ ಉಂಟು. ಸ್ವಾವಲಂಬನೆ ದೊಡ್ಡ ಗುಣವೇ ಸರಿ. ಆದರೆ ಏಕಾಂತವನ್ನೇ ಸ್ವಾವಲಂಬನೆಯೆಂದು ಭಾವಿಸುವುದು ತಪ್ಪು.

ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ 1970ರ ದಶಕದಲ್ಲಿ ನಡೆದ ಒಂದು ಪರಿಶೀಲನೆ ಇದಕ್ಕೆ ನಿದರ್ಶನವಾಗಿದೆ. ಅಲ್ಲಿ ಕಲನಶಾಸ್ತ್ರದ ಮೊದಲ ತರಗತಿಯಲ್ಲಿ ಆಫ್ರಿಕ ಮೂಲದ ವಿದ್ಯಾರ್ಥಿಗಳು ಹೆಚ್ಚಾಗಿ ಹಿಂದೆ ಬೀಳುತ್ತಿದ್ದರು. ಚೀನೀ ಮೂಲದವರು ಬಹುಮಟ್ಟಿಗೆ ಯಶಸ್ಸು ಪಡೆಯುತ್ತಿದ್ದರು. ಬಡತನ, ಪೂರ್ವಸಿದ್ಧತೆಯ ಕೊರತೆ, ನಿರಾಸಕ್ತಿ ಎಂದು ಅಧ್ಯಾಪಕರು ಹಲವು ಕಾರಣಗಳನ್ನು ಊಹಿಸಿದರು. ಗಣಿತಜ್ಞ ಯೂರಿ ಟ್ರೈಸ್ಮನ್ ಅವರು ಊಹೆಯಿಂದ ತೃಪ್ತರಾಗದೆ, ಎರಡೂ ಗುಂಪುಗಳಿಂದ 20 ಮಂದಿಯಂತೆ ಆರಿಸಿ, ಅವರ ಅಭ್ಯಾಸಕ್ರಮವನ್ನು ಹತ್ತಿರದಿಂದ ಗಮನಿಸಿದರು.

ಕಂಡುಬಂದ ಸಂಗತಿ ಬೇರೆಯಾಗಿತ್ತು. ಆಫ್ರಿಕ ಮೂಲದವರು ಶ್ರದ್ಧೆಯಿಂದಲೇ ಓದುತ್ತಿದ್ದರು; ಆದರೆ ಒಂಟಿಯಾಗಿ ಓದುತ್ತಿದ್ದರು. ಪ್ರೌಢಶಾಲೆಯಲ್ಲಿ ತಮಗೆ ಗೆಲುವು ತಂದಿದ್ದ ಆ ಪದ್ಧತಿಯನ್ನೇ ಇಲ್ಲಿಯೂ ನೆಚ್ಚಿದ್ದರು. ಚೀನೀ ಮೂಲದವರಾದರೋ ಮೊದಲು ತಾವು ತಾವೇ ಓದಿ, ಅನಂತರ ಒಟ್ಟುಗೂಡಿ ಉತ್ತರಗಳನ್ನು ತಾಳೆ ನೋಡುತ್ತಿದ್ದರು. ಒಬ್ಬನ ಉತ್ತರ ಉಳಿದವರದಕ್ಕಿಂತ ಬೇರೆಯಾದರೆ ತಪ್ಪು ಎಲ್ಲಿದೆಯೆಂದು ಹುಡುಕುತ್ತಿದ್ದರು. ಯಾರಿಂದಲೂ ಬಿಡಿಸಲಾಗದ ಲೆಕ್ಕ ಎದುರಾದಾಗ, ಲೆಕ್ಕವೇ ಕಠಿಣವೆಂದು ಅರಿತು ಧೈರ್ಯಗೆಡುತ್ತಿರಲಿಲ್ಲ. ಅದೇ ಲೆಕ್ಕದ ಮುಂದೆ ಒಂಟಿಯಾಗಿ ಕುಳಿತವನಿಗೆ, ಕೊರತೆ ತನ್ನ ಬುದ್ಧಿಯಲ್ಲೇ ಇದೆಯೆಂದು ತೋರುವುದು ಸಹಜ. ಎಷ್ಟೋ ಪ್ರತಿಭೆಗಳು ಬಾಡುವುದು ಈ ತಪ್ಪು ತಿಳಿವಳಿಕೆಯಿಂದಲೇ.

1978ರಲ್ಲಿ ಟ್ರೈಸ್ಮನ್ ಅವರು ಹೊಸ ಪ್ರಯೋಗವನ್ನು ಆರಂಭಿಸಿದರು. ಹಿಂದುಳಿದವರಿಗೆ ಸುಲಭ ಪಾಠವನ್ನು ಮತ್ತೆ ಹೇಳಿಕೊಡುವ ರೂಢಿಯನ್ನು ಕೈಬಿಟ್ಟು, ಕಠಿಣ ಸಮಸ್ಯೆಗಳನ್ನೇ ಕೊಟ್ಟು ಚಿಕ್ಕ ಗುಂಪುಗಳಲ್ಲಿ ಚರ್ಚಿಸಿ ಬಿಡಿಸುವಂತೆ ಮಾಡಿದರು. ಭಾಗವಹಿಸಿದ ಆಫ್ರಿಕ ಮೂಲದ ವಿದ್ಯಾರ್ಥಿಗಳ ಫಲಿತಾಂಶ ಗಣನೀಯವಾಗಿ ಉತ್ತಮಗೊಂಡಿತು. ಕೊರತೆಯಿದ್ದುದು ಬುದ್ಧಿಗಲ್ಲ, ಒಡನಾಟಕ್ಕೆ.

ಆದರೆ ಒಬ್ಬನು ಮಾಡಿದ್ದನ್ನು ನಾಲ್ವರು ಬರೆದುಕೊಳ್ಳುವುದು ಸಹಕಾರವಲ್ಲ. ಪ್ರತಿಯೊಬ್ಬನೂ ಮೊದಲು ತಾನೇ ಯೋಚಿಸಬೇಕು. ಅನಂತರ ತನ್ನ ಯೋಚನೆಯನ್ನು ಇತರರ ಪ್ರಶ್ನೆಗಳಿಗೆ ಒಡ್ಡಬೇಕು. ಹೀಗೆ ಮಾಡಿದಾಗ ಕೇಳಿದವನ ಸಂದೇಹ ತೀರುತ್ತದೆ. ವಿವರಿಸಿದವನ ತಿಳಿವೂ ಗಟ್ಟಿಯಾಗುತ್ತದೆ. ವಿದ್ಯೆಯ ಕಾಲುಭಾಗ ಸಹಪಾಠಿಗಳಿಂದ ದೊರೆಯುತ್ತದೆಂದು ಹಿರಿಯರು ಕಂಡುಕೊಂಡಿದ್ದರು. ಆ ಭಾಗವನ್ನು ತೊರೆದವನ ವಿದ್ಯೆ ಎಷ್ಟು ಶ್ರಮಪಟ್ಟರೂ ಮುಕ್ಕಾಗಿಯೇ ಉಳಿಯುತ್ತದೆ.