ಮುಪ್ಪಿನವರಿಗೊಂದು ವಠಾರ

ಬಳ್ಳಾರಿ ನಗರದಲ್ಲಿ ಎಪ್ಪತ್ತು ದಾಟಿದವರೊಬ್ಬರು ಒಂಟಿಯಾಗಿ ಬಾಡಿಗೆಯ ಮನೆಯನ್ನು ಅರಸಿ ಹೊರಟರೆಂದರೆ, ಅವರು ತಿಂಗಳು ತಿಂಗಳು ಬಾಡಿಗೆ ಕೊಡಬಲ್ಲರೆ ಎಂಬುದಕ್ಕಿಂತ ಮುಂಚಿತವಾಗಿ, ಆ ಮನೆಯಲ್ಲೇ ಕಣ್ಣುಮುಚ್ಚಿದರೆ ಗತಿಯೇನು ಎಂಬ ಚಿಂತೆ ಮನೆಯೊಡೆಯರ ಮನಸ್ಸನ್ನು ಕವಿಯುತ್ತದೆ. ಬಾಯಿಬಿಟ್ಟು ಹಾಗೆಂದು ಹೇಳುವಷ್ಟು ಕಠೋರರು ನಮ್ಮ ಸೀಮೆಯಲ್ಲಿ ಕಡಮೆ. "ಮಕ್ಳು ಎಲ್ಲದಾರ್ರೀ? ರಾತ್ರಿ ಹೊತ್ತು ಜತೀಗೆ ಯಾರಿರ್ತಾರ್ರಿ?" ಎಂದು ವಿನಯದಿಂದಲೇ ವಿಚಾರಿಸಿ, ನೀರು ಕೊಟ್ಟು, ಕಡೆಗೆ "ಮನಿ ನಮ್ಮ ತಂಗಿ ಮಗಗ ಬೇಕಾಗೇತ್ರಿ, ತಪ್ಪು ತಿಳೀಬ್ಯಾಡ್ರಿ" ಎಂದು ಬೀಳ್ಕೊಡುತ್ತಾರೆ. ಈ ಸಂಕೋಚದ ಬೆನ್ನಿಗೆ ಇರತಕ್ಕದ್ದು ಧನಿಷ್ಠಾಪಂಚಕದ ಭೀತಿ. ಧನಿಷ್ಠೆಯಿಂದ ರೇವತಿಯವರೆಗಿನ ಐದು ನಕ್ಷತ್ರಗಳಲ್ಲಿ ಪ್ರಾಣ ಹೋದರೆ ಆ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕಬೇಕೆಂಬ ನಂಬಿಕೆ ಇನ್ನೂ ಜೀವಂತವಾಗಿರುವ ಬೀದಿಗಳಲ್ಲಿ, ಕೆಳಗೊಂದು ಮೇಲೊಂದು ಕೋಣೆ ಕಟ್ಟಿಸಿ ಅದರ ಬಾಡಿಗೆಯಲ್ಲೇ ಜೀವನ ಸಾಗಿಸುವ ವಿಧವೆಯೊಬ್ಬಳಿಗೆ ಆ ಬೀಗದ ತಿಂಗಳುಗಳೆಂದರೆ ಒಲೆ ಹೊತ್ತದ ತಿಂಗಳುಗಳೇ ಸರಿ. ಆದುದರಿಂದ ಅವಳನ್ನು ಬಯ್ದು ಫಲವಿಲ್ಲ. ಒಬ್ಬರ ಮುಪ್ಪಿನ ಭಾರವನ್ನು ಇನ್ನೊಬ್ಬ ಬಡವರ ತಲೆಗೆ ಕಟ್ಟುವ ಈ ವ್ಯವಸ್ಥೆಯನ್ನೇ ಪ್ರಶ್ನಿಸಬೇಕು.

ಹೀಗೆ ಮನೆ ಹುಡುಕತಕ್ಕವರು ಯಾರೆಂಬುದನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಸರ್ಕಾರಿ ಪಿಂಚಣಿಯುಳ್ಳವರಿಗೆ ಈ ಅಲೆದಾಟ ಅಪರೂಪ. ಅತ್ಯಂತ ನಿರ್ಗತಿಕರಿಗೆ ಅಲೆಯುವ ತ್ರಾಣವೂ ಇರುವುದಿಲ್ಲ. ನಡುವೆ ಒಂದು ವರ್ಗವಿದೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗಿಳಿದ ತರುವಾಯ ಸಿರುಗುಪ್ಪದ ಬಯಲು ಭತ್ತದ ಬಯಲಾಯಿತು, ಭತ್ತದ ಹಿಂದೆಯೇ ಅಕ್ಕಿ ಗಿರಣಿಗಳು ಬಂದವು. ಆ ಗಿರಣಿಗಳಲ್ಲಿ ಮೂವತ್ತು ನಲವತ್ತು ವರ್ಷ ಚೀಲದ ಲೆಕ್ಕ ಬರೆದ ಗುಮಾಸ್ತರು, ಕಿರಾಣಿ ಅಂಗಡಿಯ ಕರಣಿಕರು, ದರ್ಜಿಗಳು, ಲಾರಿ ಚಾಲಕರು, ಸಣ್ಣ ದೇವಸ್ಥಾನಗಳ ಅರ್ಚಕರು ಎಂಬ ಒಂದು ತಲೆಮಾರು ಈಗ ಮುಪ್ಪನ್ನು ಮುಟ್ಟಿದೆ. ಇವರಲ್ಲಿ ಬಹುಮಂದಿಗೆ ಭವಿಷ್ಯನಿಧಿಯೇ ಇಲ್ಲ. ಇದ್ದವರಿಗೂ ಆ ನಿಧಿಯಿಂದ ಬರುವ ಕನಿಷ್ಠ ಪಿಂಚಣಿ 2014ರಿಂದ ತಿಂಗಳಿಗೆ 1,000 ರೂಪಾಯಿಯಲ್ಲೇ ನಿಂತಿದೆ. 2011ರ ಜನಗಣತಿಯ ವೇಳೆಗೇ ಕರ್ನಾಟಕದ ಜನಸಂಖ್ಯೆಯಲ್ಲಿ ಶೇಕಡಾ 9.5ರಷ್ಟು ಮಂದಿ ಅರುವತ್ತು ದಾಟಿದವರಾಗಿದ್ದರು.

ಸಿರುಗುಪ್ಪ ತಾಲೂಕಿನ ಕರೂರಿನಿಂದ ಬಂದ ಇಂಥ ಒಬ್ಬ ಗುಮಾಸ್ತರನ್ನು ಊಹಿಸಿಕೊಳ್ಳೋಣ. ಹೆಂಡತಿ ಕಾಲವಾಗಿದ್ದಾರೆ, ಮಗಳನ್ನು ಕೊಟ್ಟ ಊರು ದೂರ, ಮಗನು ಬೆಂಗಳೂರಿನಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ತನ್ನ ಸಂಸಾರವನ್ನೇ ಇಕ್ಕಟ್ಟಿನಲ್ಲಿಟ್ಟುಕೊಂಡಿದ್ದಾನೆ. ಕೈಯಲ್ಲಿರುವ ಸಂಚಿತ ದ್ರವ್ಯ ಐದು ಲಕ್ಷ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಶೇಕಡಾ 8.2ರ ಬಡ್ಡಿಯಲ್ಲಿ ಅದು ಮೂರು ತಿಂಗಳಿಗೊಮ್ಮೆ 10,250 ರೂಪಾಯಿ ತರುತ್ತದೆ, ಎಂದರೆ ತಿಂಗಳಿಗೆ ಮೂರು ಸಾವಿರದ ನಾನೂರು ಚಿಲ್ಲರೆ. ಮೂರು ಸಾವಿರಕ್ಕೊಂದು ಕೋಣೆ ಸಿಕ್ಕಿತೆಂದೇ ಇಟ್ಟುಕೊಂಡರೂ, ಊಟ ಔಷಧಗಳಿಗೆ ಉಳಿಯುವುದು ನಾನೂರು. ಒಟ್ಟು ಎಂಟೂವರೆ ಸಾವಿರದಲ್ಲಿ ತಿಂಗಳನ್ನು ನೂಕುವುದಾದರೆ ಪ್ರತಿ ತಿಂಗಳೂ ಅಸಲಿಗೆ ಕೈ ಹಾಕಬೇಕು. ಅಸಲು ಇಳಿದಷ್ಟೂ ಬಡ್ಡಿ ಇಳಿಯುತ್ತದೆ. ಕಡೆಯ ರೂಪಾಯಿಗೂ ಅದೇ ದರದ ಬಡ್ಡಿ ಬಂತೆಂದರೂ, ಬಾಡಿಗೆ ಒಂದು ಕಾಸೂ ಏರಲಿಲ್ಲವೆಂದರೂ, ಆರೂಕಾಲು ವರ್ಷಕ್ಕೆ ಗಂಟು ಬರಿದು. ಎಪ್ಪತ್ತರಲ್ಲಿ ಹೊರಟವರು ಎಪ್ಪತ್ತಾರರಲ್ಲಿ, ದೇಹ ಇನ್ನಷ್ಟು ಕುಗ್ಗಿದ ಹೊತ್ತಿಗೆ, ಬೀದಿಯಲ್ಲಿ ನಿಲ್ಲುತ್ತಾರೆ. ಆಯುಷ್ಯ ಹೆಚ್ಚಲೆಂದು ಹರಸುವವರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡುವುದು ಲೇಸು.

ಸರ್ಕಾರದ ಸಂಧ್ಯಾ ಸುರಕ್ಷೆ ಇಲ್ಲವೆ ಎಂದು ಕೇಳಬಹುದು. 2007ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಅರುವತ್ತೈದು ದಾಟಿದವರಿಗೆ ಈಗ ತಿಂಗಳಿಗೆ 1,200 ರೂಪಾಯಿ ದೊರೆಯುತ್ತದೆ. ಬಡಕುಟುಂಬದ ವೃದ್ಧರಿಗೆ ಕೇಂದ್ರವು ಕೊಡುವ ಪಾಲು ಎಂಬತ್ತರವರೆಗೆ 200, ಆಮೇಲೆ 500, ಅದೂ ದಶಕಕ್ಕೂ ಮಿಕ್ಕಿ ಬೆಳೆಯದೆ ನಿಂತ ಮೊತ್ತ. ಆದರೆ ಸಂಧ್ಯಾ ಸುರಕ್ಷೆಯನ್ನು ರೂಪಿಸಿದಾಗ ಇಟ್ಟ ಷರತ್ತುಗಳಲ್ಲಿ ಒಂದು ಹೀಗಿತ್ತು: ಫಲಾನುಭವಿಯ ಮತ್ತು ಅವರ ಪತಿ ಅಥವಾ ಪತ್ನಿಯ ಠೇವಣಿ ಹತ್ತು ಸಾವಿರ ರೂಪಾಯಿಯನ್ನು ಮೀರಿರಕೂಡದು. ಕೂಡಿಟ್ಟ ಹಣವಿರುವ ತನಕ ನೆರವಿಲ್ಲ, ನೆರವು ಬರುವ ಹೊತ್ತಿಗೆ ಕೂಡಿಟ್ಟದ್ದು ಉಳಿದಿಲ್ಲ. ಜೀವನವಿಡೀ ಮಿತವ್ಯಯದಿಂದ ಬಾಳಿದವರಿಗೆ ಇದಕ್ಕಿಂತ ವಿಲಕ್ಷಣವಾದ ದಂಡನೆಯನ್ನು ಕಲ್ಪಿಸುವುದು ಕಷ್ಟ.

ಹುಟ್ಟೂರಿಗೇ ಹಿಂದಿರುಗಬಹುದಲ್ಲ ಎಂಬ ಸಲಹೆ ಕೊಡಲು ಸುಲಭ, ಪಾಲಿಸಲು ದುಸ್ತರ. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳು ನಿಜಕ್ಕೂ ಬಿಸಿಲನ್ನು ಬಲ್ಲವರು ಕಟ್ಟಿದ ಮನೆಗಳು. ಮೊಳ ದಪ್ಪದ ಗೋಡೆ, ಮರದ ತೊಲೆ, ಮೇಲೆ ಸವುಳು ಮಣ್ಣಿನ ಹಾಸು. ಹೊರಗೆ ನಲವತ್ತು ಡಿಗ್ರಿ ಮೀರಿದ ವೈಶಾಖದ ಮಧ್ಯಾಹ್ನದಲ್ಲೂ ಒಳಗೆ ಒಂದು ನಿದ್ದೆ ತೆಗೆಯಬಹುದು. ಆದರೆ ಮಳೆಗಾಲಕ್ಕೆ ಮುನ್ನ ಮೇಲೇರಿ ಮಣ್ಣು ಹಾಕಿ ಧಮ್ಮಸ್ಸು ಮಾಡುವ ಕೈಗಳು ಬೇಕು. ಅಣ್ಣತಮ್ಮಂದಿರ ಪಾಲಿನಲ್ಲಿ ಪಡಸಾಲೆಯ ನಡುವೆಯೇ ಗೋಡೆ ಎದ್ದು, ಬಚ್ಚಲು ಒಬ್ಬರಿಗೆ ಅಡುಗೆಮನೆ ಇನ್ನೊಬ್ಬರಿಗೆ ಎಂದಾಗಿ, ಎರಡು ಮಳೆಗಾಲ ಗಮನವಿಲ್ಲದೆ ಹೋದರೆ ತೊಲೆ ಬಾಗುತ್ತದೆ. ಶೌಚಾಲಯವಿದ್ದರೆ ಹಿತ್ತಲ ತುದಿಯಲ್ಲಿ. ಕತ್ತಲಲ್ಲಿ ಎರಡು ಮೆಟ್ಟಿಲಿಳಿದು ಹೋಗಬೇಕು. ಮೂತ್ರದ ತೊಂದರೆಯಿರುವ ಮುದುಕರು ರಾತ್ರಿ ಎಷ್ಟು ಸಲ ಏಳುತ್ತಾರೆಂಬುದನ್ನು ಬಲ್ಲವರಿಗೆ ಆ ಎರಡು ಮೆಟ್ಟಿಲುಗಳ ಭೀಕರತೆಯನ್ನು ವಿವರಿಸಬೇಕಾಗಿಲ್ಲ. ಬಿದ್ದು ಸೊಂಟ ಮುರಿದರೆ, ಹಿಂದೆ ವಿಮ್ಸ್ ಎನಿಸಿಕೊಂಡಿದ್ದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇರುವುದು ಬಳ್ಳಾರಿಯಲ್ಲಿ, ಸಿರುಗುಪ್ಪದಿಂದಲೇ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಮನೆಯನ್ನು ಒತ್ತೆಯಿಟ್ಟು, ಅದರಲ್ಲೇ ವಾಸಿಸುತ್ತ, ಬ್ಯಾಂಕಿನಿಂದ ತಿಂಗಳು ತಿಂಗಳು ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಎಂಬ ಏರ್ಪಾಡು 2007ರಿಂದ ನಮ್ಮ ದೇಶದಲ್ಲಿದೆ. ಗ್ರಾಮಠಾಣಾದೊಳಗಿನ, ಅಜ್ಜನ ಹೆಸರಿನಲ್ಲೇ ಉಳಿದ, ಅರ್ಧ ಗೋಡೆಯ ಪಾಲಿನ ಮನೆಗೆ ಯಾವ ಬ್ಯಾಂಕು ಬೆಲೆ ಕಟ್ಟೀತು?

ಇನ್ನೊಂದು ದಾರಿ ಭೋಗ್ಯ. ದೊಡ್ಡ ಮೊತ್ತವನ್ನು ಒಮ್ಮೆಲೇ ಕೊಟ್ಟು ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸಿಸಿ, ಬಿಡುವಾಗ ಅಸಲನ್ನು ಹಿಂದಕ್ಕೆ ಪಡೆಯುವ ಈ ಪದ್ಧತಿಯು ಕೂಡಿಟ್ಟ ಹಣವಿದ್ದು ವರಮಾನವಿಲ್ಲದ ವೃದ್ಧರಿಗಾಗಿಯೇ ಹುಟ್ಟಿದಂತೆ ಕಾಣುತ್ತದೆ. ಆದರೆ ಐದು ಲಕ್ಷದ ವ್ಯವಹಾರವನ್ನು ಛಾಪಾಕಾಗದದ ಮೇಲೆ ಬರೆದು, ಉಪನೋಂದಣಿ ಕಚೇರಿಯ ಮೆಟ್ಟಿಲನ್ನೇ ಹತ್ತದೆ ಮುಗಿಸುವುದು ಸಾಮಾನ್ಯ. ಒಂದು ವರ್ಷಕ್ಕೆ ಮೀರಿದ ಗೇಣಿಯಾಗಲಿ, ನೂರು ರೂಪಾಯಿಗೆ ಮೇಲ್ಪಟ್ಟ ಸ್ವಾಧೀನ ಅಡಮಾನವಾಗಲಿ, ನೋಂದಣಿಯಾಗದಿದ್ದರೆ ಕಾನೂನಿನ ಕಣ್ಣಿಗೆ ದುರ್ಬಲ. ಮನೆಯೊಡೆಯನು ಅದೇ ಮನೆಯ ಮೇಲೆ ಮೊದಲೇ ಸಾಲ ಮಾಡಿದ್ದು, ಬ್ಯಾಂಕಿನವರು ಬಾಗಿಲಿಗೆ ನೋಟೀಸು ಅಂಟಿಸಿದರೆ, ವೃದ್ಧರ ಸರ್ವಸ್ವವೂ ಆ ಕಾಗದದೊಂದಿಗೇ ಹೋಗುತ್ತದೆ. ಭೋಗ್ಯಕ್ಕೆ ಹೋಗುವವರು ನೋಂದಣಿಯ ಖರ್ಚಿಗೆ ಹಿಂಜರಿಯಬಾರದು. ಋಣಭಾರ ಪತ್ರವನ್ನು ತೆಗೆಸಿ ನೋಡದೆ ಹಣ ಎಣಿಸಬಾರದು.

ಕಾನೂನು ಸುಮ್ಮನಿಲ್ಲ. 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮವು ಪೋಷಣೆಯೆಂಬುದರೊಳಗೆ ಅನ್ನ ವಸ್ತ್ರಗಳೊಂದಿಗೆ ವಾಸಸ್ಥಾನವನ್ನೂ ಸೇರಿಸಿದೆ. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ತಿಂಗಳಿಗೆ ಹತ್ತು ಸಾವಿರದವರೆಗೆ ಕೊಡಿಸಬಲ್ಲುದು. ಆದರೆ ಮಗನ ಮೇಲೆ ಅರ್ಜಿ ಬರೆದುಕೊಂಡು ಬಳ್ಳಾರಿಗೆ ಬಸ್ಸು ಹತ್ತುವ ತಾಯಿ ಎಷ್ಟು ಮಂದಿ? ಇಲ್ಲದ ಮಗನಿಂದ ಕೊಡಿಸುವುದಾದರೂ ಏನನ್ನು? ಇದೇ ಅಧಿನಿಯಮದ 23ನೆಯ ಕಲಮು ಮಾತ್ರ ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕಾದದ್ದು: ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ಬರೆದುಕೊಟ್ಟಿದ್ದು, ಮಕ್ಕಳು ನೋಡಿಕೊಳ್ಳದಿದ್ದರೆ, ಆ ಪತ್ರವನ್ನು ರದ್ದುಪಡಿಸಬಹುದು. ಷರತ್ತೇ ಇಲ್ಲದ ದಾನಪತ್ರಕ್ಕೆ ಈ ರಕ್ಷಣೆ ಸಿಗದೆಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಹಿರಿಯರ ಕಡೆಗೆ ಉದಾರವಾಗಿ ವಾಲಿತು. ಇನ್ನು ಮುಂದೆ ದಾನಪತ್ರ ಬರೆಸುವವರು ಪತ್ರಬರಹಗಾರರಿಗೆ ಹೇಳಿ ಆ ಒಂದು ವಾಕ್ಯವನ್ನು ಸೇರಿಸಿಬಿಟ್ಟರೆ ತೀರ್ಪುಗಳ ವಾಲಾಟವನ್ನು ನಂಬಿ ಕೂರಬೇಕಾಗಿಲ್ಲ.

ಅದೇ ಅಧಿನಿಯಮದ 19ನೆಯ ಕಲಮು ಜಿಲ್ಲೆಗೊಂದರಂತೆ, ಕನಿಷ್ಠ ನೂರೈವತ್ತು ಮಂದಿ ನಿರ್ಗತಿಕ ವೃದ್ಧರಿಗೆ ಸಾಲುವ ಆಶ್ರಯಧಾಮಗಳನ್ನು ಸರ್ಕಾರಗಳು ಸ್ಥಾಪಿಸುವ ಮಾತನ್ನಾಡುತ್ತದೆ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ನೆನಪಿಸಿತು. ನಿರ್ಗತಿಕರಿಗೆ ಅದು ಬೇಕೇ ಬೇಕು. ಆದರೆ ನಮ್ಮ ಗುಮಾಸ್ತರು ಇನ್ನೂ ನಿರ್ಗತಿಕರಲ್ಲ, ಆಗುವ ದಾರಿಯಲ್ಲಿದ್ದಾರೆ. ನಾಲ್ಕು ಸಾಲು ಮಂಚಗಳ ಹಜಾರದಲ್ಲಿ, ಘಂಟೆ ಹೊಡೆದಾಗ ತಟ್ಟೆ ಹಿಡಿದು ನಿಲ್ಲುವ ಬಾಳು ಅವರಿಗೆ ಈಗಲೇ ಏಕೆ? ಬೇಕಾದದ್ದು ಒಂದು ಕೀಲಿಕೈ, ಒಂದು ಒಲೆ, ಪರಿಚಿತ ಮುಖಗಳಿರುವ ಒಂದು ಬೀದಿ. ಮಹಾನಗರಗಳ ನಿವೃತ್ತರ ಬಡಾವಣೆಗಳಲ್ಲಿ ಇವೆಲ್ಲ ದೊರೆಯುತ್ತವೆ, ಬಾಗಿಲಲ್ಲೇ ಹತ್ತಾರು ಲಕ್ಷಗಳನ್ನು ಇಡಬಲ್ಲವರಿಗೆ.

ನನ್ನ ಅಭಿಪ್ರಾಯದಲ್ಲಿ ನಮ್ಮ ತಾಲೂಕುಗಳಿಗೆ ತಕ್ಕದ್ದು ಹಳೆಯ ವಠಾರವೇ. ಸಿರುಗುಪ್ಪದಲ್ಲೊಂದು, ಕುರುಗೋಡಿನಲ್ಲೊಂದು, ಬಳ್ಳಾರಿಯಲ್ಲಿ ನಾಲ್ಕೈದು; ಪ್ರತಿಯೊಂದರಲ್ಲೂ ಇಪ್ಪತ್ತು ಮನೆಗಳಿಗೆ ಮೀರದೆ, ಸರ್ಕಾರಿ ಆಸ್ಪತ್ರೆಗೂ ಸಂತೆಗೂ ನಡೆದುಹೋಗುವ ದೂರದಲ್ಲಿ, ನಡುವೆ ಅಂಗಳ ಬಿಟ್ಟು ಎದುರುಬದುರು ಕಟ್ಟಿದ ಒಂದು ಕೋಣೆ, ಒಂದು ಅಡುಗೆಮೂಲೆ, ಒಳಗೇ ಇರುವ ಶೌಚಾಲಯದ ಮನೆಗಳು. ಎಲ್ಲವೂ ನೆಲಮಟ್ಟದಲ್ಲಿರಬೇಕು. ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಬೇಕು, ಏಕೆಂದರೆ ಒಳಗೆ ಕುಸಿದವರ ಮೈ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ಒಡೆಯಬೇಕಾಗುತ್ತದೆ. ಗೋಡೆಗೊಂದು ಹಿಡಿಕೆ, ಕೂರುವ ಪೀಠದ ಶೌಚ, ನೀರು ನಿಂತರೂ ಜಾರದ ಒರಟು ಕಲ್ಲಿನ ನೆಲ. ಬಳ್ಳಾರಿಯ ಬೇಸಗೆಯಲ್ಲಿ ತಗಡಿನ ಸೂರು ಹಾಕುವವರು ತಾವೇ ಅದರಡಿ ಒಂದು ಮಧ್ಯಾಹ್ನ ಕಳೆಯಬೇಕೆಂದು ನಿಯಮ ಮಾಡಿದರೂ ತಪ್ಪಲ್ಲ. ಬಾಡಿಗೆ ವರಮಾನದ ನಾಲ್ಕನೆಯ ಒಂದು ಪಾಲು, ಬದುಕಿರುವವರೆಗೂ; ಮಾಲೀಕತ್ವವಿಲ್ಲ, ಮಕ್ಕಳಿಗೆ ವಾರಸುದಾರಿಕೆಯೂ ಇಲ್ಲ.

ಈ ಕಡೆಯ ಅಂಶ ನಮ್ಮ ವಸತಿ ಯೋಜನೆಗಳ ರೂಢಿಗೆ ವಿರುದ್ಧವಾದದ್ದು. ಬಸವ ವಸತಿಯಾಗಲಿ ಅಂಬೇಡ್ಕರ್ ನಿವಾಸವಾಗಲಿ ಕುಟುಂಬವೊಂದಕ್ಕೆ ಸ್ವಂತ ಮನೆ ಕಟ್ಟಿಕೊಳ್ಳಲು ಸಹಾಯಧನ ಕೊಡುತ್ತವೆ; ತಳಪಾಯ ಎದ್ದ ಮೇಲೆ ಒಂದು ಕಂತು, ಗೋಡೆ ಎದ್ದ ಮೇಲೆ ಇನ್ನೊಂದು. ಎಪ್ಪತ್ತೆರಡರ ಮುದುಕಿ ಮೊದಲು ಕೈಯಿಂದ ಹಾಕಿ ತಳಪಾಯ ಎತ್ತಿಸಿ, ಫೋಟೋ ತೆಗೆಸಿ, ಕಂತಿಗಾಗಿ ಪಂಚಾಯಿತಿಗೆ ಅಲೆಯಬೇಕೆಂಬುದು ಕ್ರೂರ ವಿನೋದ. ಸಿಂಗಪುರದ ಸರ್ಕಾರವು 2015ರಿಂದ ಐವತ್ತೈದು ದಾಟಿದವರಿಗೆ ಸಣ್ಣ ಮನೆಗಳನ್ನು ಹದಿನೈದರಿಂದ ನಲವತ್ತೈದು ವರ್ಷಗಳ ಅವಧಿಗೆ ಮಾತ್ರ ಮಾರುತ್ತಿದೆ. ತೊಂಬತ್ತೈದರ ವಯಸ್ಸಿನ ತನಕ ಸಾಲುವಷ್ಟು ವರ್ಷಗಳನ್ನು ಕೊಂಡರೆ ಸಾಕು. ನಮ್ಮ ಭೋಗ್ಯವೂ ತತ್ತ್ವದಲ್ಲಿ ಅದೇ; ಸರ್ಕಾರವೇ ಮನೆಯೊಡೆಯನಾದರೆ ಅದರ ಅಪಾಯ ತಪ್ಪುತ್ತದೆ.

ಹಣವೆಲ್ಲಿ ಎಂಬ ಪ್ರಶ್ನೆಯನ್ನು ಬೇರೆ ಜಿಲ್ಲೆಯವರು ಕೇಳಿದರೆ ಒಪ್ಪಬಹುದು, ಬಳ್ಳಾರಿಯವರು ಕೇಳಕೂಡದು. 2015ರ ತಿದ್ದುಪಡಿಯ ಮೇಲೆ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ನಮ್ಮ ಕಬ್ಬಿಣದ ಅದಿರಿನಿಂದ ಹರಿದುಬರುವ ಧನ ಅಲ್ಪವಲ್ಲ, ಮತ್ತು ಆ ನಿಧಿಯ ಆದ್ಯತೆಯ ಬಾಬುಗಳಲ್ಲಿ ವೃದ್ಧರ ಮತ್ತು ಅಂಗವಿಕಲರ ಕಲ್ಯಾಣವನ್ನು ಹೆಸರಿಸಿಯೇ ಸೇರಿಸಲಾಗಿದೆ. ಗಣಿಯ ಧೂಳನ್ನು ಕುಡಿದ ಊರುಗಳಿಗೆ ಅದರ ಮೇಲೆ ಮೊದಲ ಹಕ್ಕೆಂಬುದು ನ್ಯಾಯ. ಭತ್ತದ ಸಿರುಗುಪ್ಪಕ್ಕೆ 371(ಜೆ) ವಿಧಿಯ ಫಲವಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿದೆ. 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೆಯ ಆವೃತ್ತಿಯಲ್ಲಿ ಬಾಡಿಗೆಯ ಮನೆಗಳಿಗೆಂದೇ ಒಂದು ಪ್ರತ್ಯೇಕ ವಿಭಾಗವನ್ನು ತೆರೆಯಲಾಗಿದೆ. ಸಮುದಾಯಭವನಗಳಿಗೂ ಸ್ವಾಗತಕಮಾನುಗಳಿಗೂ ದೊರೆತ ಉತ್ಸಾಹದ ಒಂದು ಅಂಶ ಇತ್ತ ತಿರುಗಿದರೆ ಸಾಕು.

ಇಂಥ ವಠಾರಗಳು ಎದ್ದರೆ ಮಕ್ಕಳು ಹೆತ್ತವರನ್ನು ತಂದು ಬಿಟ್ಟುಹೋಗುತ್ತಾರೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಬಿಡುವವರು ಈಗಲೂ ಬಿಡುತ್ತಿದ್ದಾರೆ, ವಠಾರವಿಲ್ಲದಿದ್ದರೆ ದೇವಸ್ಥಾನದ ಪೌಳಿಯಲ್ಲಿ. ಬಿಡಲಾರದೆ ಇಟ್ಟುಕೊಂಡೂ ಹಿಂಸೆಪಡುವ ಮಕ್ಕಳೇ ನನಗೆ ಹೆಚ್ಚು ಕಾಣುತ್ತಾರೆ. ತಂದೆಗೆ ತನ್ನೂರಿನಲ್ಲೇ ಒಂದು ಸುಭದ್ರವಾದ ಕೋಣೆಯಿದೆಯೆಂದರೆ ತಿಂಗಳಿಗೆ ಎರಡು ಸಾವಿರ ಕಳುಹಿಸಿ, ಯುಗಾದಿಗೆ ಬಂದು ನಾಲ್ಕು ದಿನ ಇದ್ದುಹೋಗುವ ಶಕ್ತಿ ಅವರಿಗಿದೆ. ವಠಾರದ ಪ್ರವೇಶಕ್ಕೆ ಮಕ್ಕಳಿಲ್ಲವೆಂಬ ಪ್ರಮಾಣಪತ್ರವನ್ನು ಕೇಳದಿರುವುದೂ, ಠೇವಣಿಯ ಮಿತಿಯನ್ನು ಹತ್ತು ಸಾವಿರದಲ್ಲಿ ನಿಲ್ಲಿಸದಿರುವುದೂ ಆದುದರಿಂದ ಅಗತ್ಯ. ಸಿರುಗುಪ್ಪ ನಗರಸಭೆಯೂ ಕುರುಗೋಡು ಪುರಸಭೆಯೂ ಮುಂದಿನ ವರ್ಷದ ಕ್ರಿಯಾಯೋಜನೆಯನ್ನು ಸಿದ್ಧಪಡಿಸುವಾಗ, ಆಸ್ಪತ್ರೆಯ ಸಮೀಪದಲ್ಲಿ ತಮ್ಮ ಸ್ವಾಧೀನದಲ್ಲಿರುವ ಖಾಲಿ ಜಾಗ ಯಾವುದೆಂಬುದನ್ನು ಗುರುತಿಸಿ, ಹತ್ತು ಮನೆಗಳ ಅಂದಾಜುಪಟ್ಟಿಯೊಂದನ್ನು ಜಿಲ್ಲಾಧಿಕಾರಿಗಳಿಗೆ ಕಳುಹಿಸಲಿ.